ಕೆಟ್ಟರೂ ಗಾಜಿನ ಕಡೆಗೇ ಗಾಳಿ

ಅಮೆರಿಕದಲ್ಲಿ ಎಂಬತ್ತರ, ತೊಂಬತ್ತರ ದಶಕದ ಪಿಕಪ್ ಟ್ರಕ್ ಇಟ್ಟುಕೊಂಡವರ ಬಾಯಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಏಸಿ ಮುಖಕ್ಕೆ ಚೆನ್ನಾಗಿ ಬೀಸುತ್ತಿರುತ್ತದೆ. ಏರು ಬಂತು, ಆಕ್ಸಿಲರೇಟರ್ ಅದುಮಿದಿರಿ, ಮುಗಿಯಿತು. ಮುಖದ ಮೇಲಿನ ಗಾಳಿ ಸೊರಗುತ್ತಾ ಬಂದು, ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಧಪ್ ಎಂದು ಸದ್ದಾಗಿ, ತಣ್ಣನೆ ಗಾಳಿಯೆಲ್ಲ ಮುಂದಿನ ಗಾಜಿಗೆ ಹೊಡೆಯತೊಡಗುತ್ತದೆ. ಏರು ಮುಗಿದು ಕಾಲು ಸಡಿಲಿಸಿದರೆ ಮತ್ತೆ ಮುಖಕ್ಕೆ. ಸ್ವಿಚ್ಚನ್ನು ಯಾರೂ ಮುಟ್ಟಿಲ್ಲ. ಗಾಡಿಗೆ ದೆವ್ವ ಹಿಡಿದಿದೆ ಎಂದು ನಗುವವರೂ ಇದ್ದಾರೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ಒಂದು, "ಹಳೇ ಗಾಡಿ, ಅದು ಹಾಗೇ." ಇನ್ನೊಂದು, "ಆ ವ್ಯಾಕ್ಯೂಮ್ ಸಾಮಾನೆಲ್ಲ ಕಿತ್ತು ಎಲೆಕ್ಟ್ರಿಕ್ ಮೋಟಾರು ಕೂರಿಸಿಬಿಡೋಣ." ಎರಡನ್ನೂ ನಾನು ಒಪ್ಪುವುದಿಲ್ಲ. ಕೈಬಿಡುವಷ್ಟು ಕಷ್ಟದ ರಿಪೇರಿ ಅದಲ್ಲ. ಕಿತ್ತುಹಾಕಬೇಕಾದಷ್ಟು ದಡ್ಡ ವ್ಯವಸ್ಥೆಯೂ ಅಲ್ಲ. ಆ ಡಬ್ಬಿ-ಪೈಪುಗಳನ್ನು ಜೋಡಿಸಿದ ಎಂಜಿನಿಯರು ಒಂದು ಪ್ರಶ್ನೆ ಕೇಳಿಕೊಂಡು ಕೂತಿದ್ದ, ಅದಕ್ಕೆ ಸರಿಯಾದ ಉತ್ತರವನ್ನೂ ಕೊಟ್ಟಿದ್ದ. ನಮ್ಮ ಲಾರಿಗಳ ಕ್ಯಾಬಿನ್ನಿಗೆ ಕಾನೂನೇ ಏಸಿ ತರುತ್ತಿರುವ ಈ ಹೊತ್ತಿನಲ್ಲಿ ಅದೇ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳುತ್ತಿರುವಂತೆ ಕಾಣುವುದಿಲ್ಲ.

ನನ್ನದು ಮೂವತ್ತು ವರ್ಷ ಪಿಂಪ್ರಿ-ಚಿಂಚ್‌ವಡದ ಕಡೆ ಟೂಲ್‌ರೂಮಿನಲ್ಲಿ ಕಳೆದ ಬದುಕು. ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆ. ಕೈಗೆ ಎಣ್ಣೆ ಮೆತ್ತಿಕೊಳ್ಳದ ದಿನ ಕಡಿಮೆ. ಅಕ್ಕನ ಮಗ ಟೆಕ್ಸಾಸಿನಲ್ಲಿ ಸಾಫ್ಟ್‌ವೇರು ಮಾಡುತ್ತಾನೆ. ಮನೆಯ ಮುಂದೆ ಹೊಸ ಕಾರಿದೆ, ಆದರೂ ಎರಡು ವರ್ಷದ ಹಿಂದೆ 1989ರ ಫೋರ್ಡ್ ಎಫ್-150 ಒಂದನ್ನು ತಂದು ನಿಲ್ಲಿಸಿಕೊಂಡ. ಅವನ ಹೆಂಡತಿಗೆ ಇವತ್ತಿಗೂ ಕಾರಣ ತಿಳಿದಿಲ್ಲ. ನನಗೆ ಹೇಳದೆಯೇ ತಿಳಿಯಿತು. ಇಡೀ ದಿನ ಪರದೆಯೊಳಗಿನ ಕೆಲಸ ಮಾಡುವವನಿಗೆ ಬಿಚ್ಚಿ ನೋಡಬಹುದಾದ ಒಂದು ವಸ್ತು ಬೇಕಿತ್ತು. 4.9 ಲೀಟರಿನ, ಸಾಲಾಗಿ ಆರು ಸಿಲಿಂಡರಿನ ಇಂಜಿನ್ನು ಅದರದ್ದು. ಫೋರ್ಡ್ ಆ ಇಂಜಿನ್ನನ್ನು 1965ರಿಂದ 1996ರವರೆಗೆ ಹೆಚ್ಚು ಬದಲಿಸದೆ ಮಾಡುತ್ತಾ ಬಂತು. ಎತ್ತಿನ ಹಾಗೆ ದುಡಿಯುತ್ತದೆ ಎಂದು ಅದಕ್ಕೆ ಹೆಸರು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ಗಾಳಿ ಹಂಚುವ ವ್ಯವಸ್ಥೆ. ಅಲ್ಲಿನ ಒಂದು ಗ್ಯಾರೇಜು ಡ್ಯಾಶ್‌ಬೋರ್ಡ್ ಇಳಿಸಿ ಎಲ್ಲ ಬದಲಿಸಲು ಸಾವಿರ ಡಾಲರ್ ದಾಟುವ ಎಸ್ಟಿಮೇಟ್ ಕೊಟ್ಟಿತು. ಆಗ ಫೋನು ನನಗೆ ಬಂತು.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿಬಿಡುತ್ತೇನೆ. ಪೆಟ್ರೋಲ್ ಇಂಜಿನ್ನು ಅಂದರೆ ಗಾಳಿ ಎಳೆಯುವ ಪಂಪು. ಪಿಸ್ಟನ್ ಕೆಳಗಿಳಿಯುವಾಗ ಗಾಳಿ ಒಳಗೆ ಬರಬೇಕು; ಆದರೆ ದಾರಿಯಲ್ಲಿ ಥ್ರಾಟಲ್ ಎಂಬ ತಗಡಿನ ಬಾಗಿಲು ಮುಚ್ಚಿಕೊಂಡಿರುತ್ತದೆ. ಎಳೆಯುವ ಆಸೆ ಇದೆ, ಬರುವ ಗಾಳಿ ಸಾಲದು. ಹಾಗಾಗಿ ಮ್ಯಾನಿಫೋಲ್ಡಿನೊಳಗೆ ಒತ್ತಡ ಹೊರಗಿನದಕ್ಕಿಂತ ತುಂಬ ಕಡಿಮೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಶಾಲೆಯಲ್ಲಿ ಓದಿದ 760 ಮಿ.ಮೀ. ಪಾದರಸ, ಅಂದರೆ ಸುಮಾರು 30 ಇಂಚು. ಆರೋಗ್ಯವಾಗಿರುವ ಇಂಜಿನ್ನು ಐಡಲ್‌ನಲ್ಲಿ ನಿಂತಾಗ ಅದರಲ್ಲಿ 17ರಿಂದ 21 ಇಂಚಿನಷ್ಟನ್ನು ಕಳೆದಿರುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಎಳೆದಾಗ ಕೆನ್ನೆ ಒಳಗೆ ಹೋಗುತ್ತದಲ್ಲ, ಅದೇ. ಸ್ಟ್ರಾದಲ್ಲಿ ತೂತಿದ್ದರೆ ಎಷ್ಟು ಎಳೆದರೂ ನೀರು ಬರುವುದಿಲ್ಲ. ವ್ಯಾಕ್ಯೂಮ್ ರಿಪೇರಿಯ ವಿದ್ಯೆಯೆಲ್ಲ ಈ ತೂತು ಹುಡುಕುವುದರಲ್ಲೇ ಇದೆ.

ಇಂಜಿನ್ನು ಪುಕ್ಕಟೆಯಾಗಿ ಕೊಡುವ ಈ ಎಳೆತವನ್ನು ಒಂದು ಸಣ್ಣ ಪೈಪಿನಲ್ಲಿ ಹೊರಗೆ ತರುತ್ತಾರೆ. ದಾರಿಯಲ್ಲಿ ಒಂದು ಚೆಕ್ ವಾಲ್ವ್: ಗಾಳಿ ಇಂಜಿನ್ನಿನ ಕಡೆ ಹೋಗಬಹುದು, ಹಿಂದಕ್ಕೆ ಬರುವಂತಿಲ್ಲ. ಆಮೇಲೆ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬ. ಖಾಲಿ ಎಂದರೆ ನಿಜವಾಗಿಯೂ ಖಾಲಿ. ನಿರ್ವಾತವನ್ನು ಕೂಡಿಡುವ ಉಗ್ರಾಣ ಅದು. ಅಲ್ಲಿಂದ ಗೋಡೆ ದಾಟಿ ಕ್ಯಾಬಿನ್ನಿನೊಳಗೆ, ನಾವು ತಿರುಗಿಸುವ ಸ್ವಿಚ್ಚಿನ ಬೆನ್ನಿಗೆ. ಆ ಸ್ವಿಚ್ಚಿನೊಳಗೆ ಮೋಡ್ ಬದಲಿಸುವುದು ವಿದ್ಯುತ್ತಲ್ಲ, ಗಾಳಿ ದಾರಿಯ ಒಂದು ತಿರುಗುಮಣೆ. ಅದು ಬಣ್ಣಬಣ್ಣದ ತೆಳು ಪೈಪುಗಳ ಮೂಲಕ ಎಳೆತವನ್ನು ಮೂರು-ನಾಲ್ಕು ತಟ್ಟೆಯಾಕಾರದ ಡಬ್ಬಿಗಳಿಗೆ ಹಂಚುತ್ತದೆ. ಡಬ್ಬಿಯೊಳಗೆ ರಬ್ಬರ್ ಪದರ, ಅದಕ್ಕೊಂದು ಕಡ್ಡಿ, ಕಡ್ಡಿಯ ತುದಿಗೆ ಗಾಳಿ ಪೆಟ್ಟಿಗೆಯೊಳಗಿನ ಬಾಗಿಲು. ಎಳೆತ ಬಂದರೆ ಬಾಗಿಲು ಈ ಕಡೆ. ಹೋದರೆ ಸ್ಪ್ರಿಂಗು ಅದನ್ನು ಆ ಕಡೆ ತಳ್ಳುತ್ತದೆ.

ಈಗ ಏರಿನಲ್ಲಿ ಆಗುವ ದೆವ್ವದ ಆಟ ಅರ್ಥವಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ಅದುಮಿದಾಗ ಥ್ರಾಟಲ್ ತೆರೆದುಕೊಳ್ಳುತ್ತದೆ, ಎಳೆತ ಸೊನ್ನೆಯ ಹತ್ತಿರ ಬೀಳುತ್ತದೆ. ಚೆಕ್ ವಾಲ್ವ್ ಮತ್ತು ಡಬ್ಬ ಗಟ್ಟಿಯಿದ್ದರೆ ಕೂಡಿಟ್ಟ ನಿರ್ವಾತದಲ್ಲಿ ಬಾಗಿಲುಗಳು ಅಲ್ಲಾಡದೆ ನಿಲ್ಲುತ್ತವೆ. ವಾಲ್ವ್ ಸೋರಿದರೆ ಉಗ್ರಾಣವೂ ಇಂಜಿನ್ನಿನ ಜೊತೆಗೇ ಖಾಲಿ. ಸ್ಪ್ರಿಂಗು ಗೆಲ್ಲುತ್ತದೆ, ಗಾಳಿ ಗಾಜಿಗೆ. ಎತ್ತರಕ್ಕೆ ಹೋದಷ್ಟೂ ಕಷ್ಟ ಹೆಚ್ಚು. ಸಾವಿರ ಅಡಿಗೆ ಹೆಚ್ಚುಕಡಿಮೆ ಒಂದು ಇಂಚು ಎಳೆತ ಕಮ್ಮಿ ಎಂಬುದು ಮೆಕ್ಯಾನಿಕ್‌ಗಳ ಲೆಕ್ಕ. ಕೊಲೊರಾಡೋದಲ್ಲಿ 11,000 ಅಡಿ ದಾಟುವ ಹೆದ್ದಾರಿಗಳಿವೆ. ಕೆಳಗೆ ಹೇಗೋ ನಡೆಯುತ್ತಿದ್ದ ಸೋರುವ ವ್ಯವಸ್ಥೆ ಅಲ್ಲಿ ಪೂರ್ತಿ ಕೈಚೆಲ್ಲುತ್ತದೆ. ನಮ್ಮ ಖಂಡಾಲಾ ಏರು ಅದರ ಮುಂದೆ ಮಕ್ಕಳಾಟ.

ಸ್ಪ್ರಿಂಗು ಬಾಗಿಲನ್ನು ಗಾಜಿನ ಕಡೆಗೇ ಯಾಕೆ ತಳ್ಳಬೇಕು? ಕಾಲಿನ ಕಡೆಗೆ, ಮುಖದ ಕಡೆಗೆ ತಳ್ಳಬಹುದಿತ್ತಲ್ಲ? ಇಡೀ ವಿಷಯದ ತಿರುಳು ಇಲ್ಲಿದೆ. ವಿನ್ಯಾಸ ಮಾಡಿದವನಿಗೆ ಗೊತ್ತು: ಪೈಪು ಒಂದು ದಿನ ಬಿರಿಯುತ್ತದೆ, ರಬ್ಬರು ಹರಿಯುತ್ತದೆ. ಆ ದಿನ ಗಾಳಿ ಎಲ್ಲಿಗೆ ಹೋಗಬೇಕು? ಮುಖಕ್ಕೆ ಗಾಳಿ ಬಾರದಿದ್ದರೆ ಬೆವರುತ್ತೀರಿ. ಕಾಲಿಗೆ ಬಾರದಿದ್ದರೆ ಚಳಿಯಾಗುತ್ತದೆ. ಗಾಜಿಗೆ ಬಾರದಿದ್ದರೆ ಹಿಮದ ಬೆಳಗಿನಲ್ಲಿ ಎದುರಿನ ರಸ್ತೆಯೇ ಕಾಣುವುದಿಲ್ಲ. ಹಾಗಾಗಿ ಕೆಟ್ಟ ಸ್ಥಿತಿಯೇ ಸುರಕ್ಷಿತ ಸ್ಥಿತಿಯೂ ಆಗಲಿ ಎಂದು ನಿರ್ಧರಿಸಿದ. ಬಹುತೇಕ ಇಂಥ ಗಾಡಿಗಳಲ್ಲಿ ಎಳೆತ ಹೋದರೆ ಗಾಳಿ ಗಾಜಿಗೆ, ಅದೂ ಒಳಗಿನ ಗಾಳಿ ಸುತ್ತದೆ ಹೊರಗಿನ ಹೊಸ ಗಾಳಿ ಬರುವಂತೆ. ಗಾಜಿನ ಮಂಜು ತೆಗೆಯುವ ವ್ಯವಸ್ಥೆ ಇರಲೇಬೇಕೆಂದು ಅಮೆರಿಕದ ಫೆಡರಲ್ ಸುರಕ್ಷಾ ನಿಯಮ 103 ಹೇಳುತ್ತದೆ. ಆದರೆ ಕೆಟ್ಟಾಗಲೂ ಅದೊಂದು ಉಳಿಯಲಿ ಎಂದು ಸ್ಪ್ರಿಂಗನ್ನು ಆ ಕಡೆಗೆ ಹೂಡಿದ್ದು ಡ್ರಾಯಿಂಗ್ ಬೋರ್ಡಿನ ಮುಂದೆ ಕೂತವರ ವಿವೇಕ.

ಈ ಯೋಚನೆ ನಮಗೆ ಹೊಸದಲ್ಲ. ಮುಂಬಯಿಯಿಂದ ಊರಿಗೆ ರೈಲಿನಲ್ಲಿ ಓಡಾಡಿದ ನನ್ನ ಪೀಳಿಗೆಯವರೆಲ್ಲ ಅದರ ಮೇಲೆ ಜೀವ ಇಟ್ಟವರೇ. ಆಗ ನಮ್ಮ ಗಾಡಿಗಳಿಗೆ ವ್ಯಾಕ್ಯೂಮ್ ಬ್ರೇಕು. ಇಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಒಂದು ಪೈಪು, ಅದರೊಳಗೆ ನಿರ್ವಾತ ಇದ್ದಷ್ಟು ಹೊತ್ತು ಬ್ರೇಕು ಬಿಟ್ಟುಕೊಂಡಿರುತ್ತದೆ. ಚೈನು ಎಳೆದರೆ, ಅಥವಾ ಗಾಡಿ ನಡುವೆ ತುಂಡಾದರೆ, ಪೈಪಿಗೆ ಗಾಳಿ ನುಗ್ಗುತ್ತದೆ, ಬ್ರೇಕು ತಾನಾಗಿ ಹಿಡಿಯುತ್ತದೆ. ಬ್ರೇಕು ಹಾಕಲು ಶಕ್ತಿ ಬೇಕಿಲ್ಲ, ಬಿಡಿಸಿಟ್ಟುಕೊಳ್ಳಲು ಬೇಕು. ಈಗ ಬಂದಿರುವ ಏರ್ ಬ್ರೇಕಿನಲ್ಲೂ ಒತ್ತಡ ಇಳಿದರೆ ಹಿಡಿಯುವುದೇ. ಲಾರಿ ಡ್ರೈವರನನ್ನು ಕೇಳಿ: ಬೆಳಿಗ್ಗೆ ಇಂಜಿನ್ನು ಚಾಲೂ ಮಾಡಿ ಏರ್ ತುಂಬುವವರೆಗೆ ಗಾಡಿ ಅಲ್ಲಾಡುವುದಿಲ್ಲ, ಯಾಕೆಂದರೆ ಹಿಂದಿನ ಚಕ್ರಗಳನ್ನು ಸ್ಪ್ರಿಂಗು ಕಚ್ಚಿ ಹಿಡಿದಿರುತ್ತದೆ. ಫೋರ್ಡ್ ಟ್ರಕ್ಕಿನ ಗಾಳಿ ಪೆಟ್ಟಿಗೆಯೊಳಗಿನ ಸ್ಪ್ರಿಂಗು ಇದೇ ಕುಲದ್ದು, ಕೆಲಸ ಮಾತ್ರ ಸಣ್ಣದು.

ಇನ್ನು ರಿಪೇರಿ. ಐದು ಶನಿವಾರ ಹಿಡಿಯಿತು, ಅಲ್ಲಿ ಬೆಳಿಗ್ಗೆ, ಇಲ್ಲಿ ರಾತ್ರಿ ಊಟದ ನಂತರ. ಅವನ ಫೋನು ಬಾನೆಟ್ಟಿಗೆ ಒರಗಿರುತ್ತಿತ್ತು. ಮೊದಲ ದಿನವೇ ಹೇಳಿದೆ: ಪಾರ್ಟು ಆರ್ಡರ್ ಮಾಡಬೇಡ, ಮೊದಲು ಗೇಜ್ ಇರುವ ಒಂದು ವ್ಯಾಕ್ಯೂಮ್ ಕೈಪಂಪು ತಾ. ಊಹಿಸಿ ಬದಲಿಸುವುದು ದುಬಾರಿ ಚಟ. ಕೈಪಂಪು ಇಲ್ಲದವರಿಗೆ ಹಳೆಯ ಮಿಸ್ತ್ರಿಗಳ ದಾರಿಯೂ ಇದೆ. ತೊಳೆದ ಪೈಪಿನ ತುದಿಯನ್ನು ಬಾಯಲ್ಲಿಟ್ಟು ಎಳೆದು, ನಾಲಿಗೆ ಅದಕ್ಕೆ ಒತ್ತಿ ಹಿಡಿಯುವುದು. ನಾಲಿಗೆ ಅಂಟಿಕೊಂಡೇ ಇದ್ದರೆ ಸೋರಿಕೆ ಇಲ್ಲ. ಮೆಲ್ಲಗೆ ಬಿಟ್ಟುಕೊಂಡರೆ ಇದೆ.

ರೋಗ ಗುರುತಿಸುವ ಕ್ರಮ ಸರಳ. ಯಾವಾಗಲೂ ಗಾಳಿ ಗಾಜಿಗೇ ಬರುತ್ತಿದ್ದರೆ ಎಳೆತ ಸ್ವಿಚ್ಚಿನವರೆಗೆ ಬರುತ್ತಲೇ ಇಲ್ಲ. ಮುಖ್ಯ ಪೈಪು ಬಿಟ್ಟುಹೋಗಿದೆ, ಇಲ್ಲ ಬಿರಿದಿದೆ. ಏರಿನಲ್ಲಿ ಮಾತ್ರವಾದರೆ ಚೆಕ್ ವಾಲ್ವ್ ಅಥವಾ ಡಬ್ಬ. ಒಂದೇ ಸ್ಥಾನ ಕೆಲಸ ಮಾಡದೆ ಉಳಿದವು ಸರಿಯಿದ್ದರೆ, ಆ ಒಂದು ಪೈಪು ಅಥವಾ ಆ ಒಂದು ಡಬ್ಬಿ. ಸ್ವಿಚ್ಚು ತಿರುಗಿಸಿದಾಗ ಡ್ಯಾಶಿನ ಹಿಂದೆ ಹಾವು ಬುಸುಗುಟ್ಟಿದಂತೆ ಕೇಳಿದರೆ ತೂತು ಕ್ಯಾಬಿನ್ನಿನೊಳಗೇ ಇದೆ. ಇಂಜಿನ್ನು ಐಡಲ್‌ನಲ್ಲಿ ಏರಿಳಿಯುತ್ತಿದ್ದರೆ ಸೋರಿಕೆ ದೊಡ್ಡದು. ಲೆಕ್ಕಕ್ಕಿಲ್ಲದ ಗಾಳಿ ಇಂಜಿನ್ನಿಗೆ ಹೋಗುತ್ತಿದೆ ಎಂದರ್ಥ, ತಡ ಮಾಡಬಾರದು.

ಅವನ ಗಾಡಿಯಲ್ಲಿ ಮ್ಯಾನಿಫೋಲ್ಡಿಗೇ ಗೇಜ್ ಹಚ್ಚಿದರೆ 19 ಇಂಚು. ಇಂಜಿನ್ನಿಗೆ ನಮಸ್ಕಾರ ಹೇಳಿ ಮುಂದೆ ಹೋದೆವು. ಚೆಕ್ ವಾಲ್ವ್ ಎರಡೂ ಕಡೆಯಿಂದ ಊದಿದರೂ ಗಾಳಿ ಬಿಡುತ್ತಿತ್ತು. ಅದೊಂದು ಕೆಲವೇ ಡಾಲರಿನ ಸಾಮಾನು. ಅದನ್ನು ಬದಲಿಸಿದ ಮೇಲೂ ಕಾಯಿಲೆ ಅರ್ಧ ಉಳಿಯಿತು. ಡಬ್ಬಕ್ಕೆ ಹೋಗುವ ಗಟ್ಟಿ ಪ್ಲಾಸ್ಟಿಕ್ ಪೈಪು ಇಂಜಿನ್ನಿನ ಕಾವಿಗೆ ಮೂವತ್ತೈದು ವರ್ಷ ಬೆಂದು, ಬೆರಳು ತಾಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅವನು ಅಂಟು ಹಾಕಿ ನೋಡುತ್ತೇನೆ ಎಂದ. ಬೇಡ ಎಂದೆ. ಬೆಂದ ಪೈಪಿಗೆ ಎಂ-ಸೀಲು ಹಚ್ಚಿದರೆ ಅದರ ಪಕ್ಕದಲ್ಲೇ ಮುರಿಯುತ್ತದೆ. ಇಂಜಿನ್ನಿನ ಕಡೆಯದನ್ನು ಪೂರ್ತಿ ತೆಗೆದು, ಶಾಖ ತಡೆಯುವ ವ್ಯಾಕ್ಯೂಮ್ ರಬ್ಬರ್ ಹೋಸು ಹಾಕಿಸಿದೆ. ಕ್ಯಾಬಿನ್ನಿನೊಳಗಿನ ಬಣ್ಣದ ಪೈಪುಗಳು ಬಿಸಿಲು, ಕಾವು ಕಾಣದೆ ಇನ್ನೂ ಮೆತ್ತಗಿದ್ದವು, ಅವನ್ನು ಮುಟ್ಟಲಿಲ್ಲ. ಬಣ್ಣ ಹೋದರೆ ನಾಳೆ ಬಿಚ್ಚುವವನಿಗೆ ನಕ್ಷೆ ಹೋದಂತೆ.

ಆಮೇಲೆ ಡಬ್ಬಿಗಳು. ಪ್ರತಿಯೊಂದಕ್ಕೂ ಪಂಪು ಹಚ್ಚಿ 15 ಇಂಚಿನವರೆಗೆ ಎಳೆದು ಒಂದು ನಿಮಿಷ ಕಾಯುವುದು.

"ಮಾವ, ಎರಡು ನಿಂತವು. ಇದೊಂದರಲ್ಲಿ ಸೂಜಿ ಇಳೀತಾ ಇದೆ."

"ಬೇಗ ಇಳೀತಿದೆಯೋ, ಮೆಲ್ಲಗೋ?"

"ಮೆಲ್ಲಗೆ. ಆದ್ರೆ ಕಡ್ಡಿ ಎಳ್ಕೊಳ್ತಾ ಇದೆ."

"ಹಾಗಾದ್ರೆ ರಬ್ಬರಿನಲ್ಲಿ ಸೂಜಿಮೊನೆಯಷ್ಟು ತೂತು. ಇವತ್ತು ನಡೆಯುತ್ತೆ ಅಂತ ಬಿಡಬೇಡ ಮಾರಾಯ, ಬಿಚ್ಚಿದಾಗಲೇ ಬದಲಿಸು. ಇನ್ನೊಂದು ಸಲ ಅಲ್ಲಿ ಕೈ ಹಾಕೋ ಕೆಲಸ ಬೇಡ."

ಅದರ ಜೊತೆಗೇ ಇನ್ನೊಂದು ಕಂಡಿತು. ಬಾಗಿಲುಗಳ ಅಂಚಿಗೆ ಅಂಟಿಸಿದ ಸ್ಪಂಜು ಪುಡಿಯಾಗಿ ಹೋಗಿತ್ತು. ಹಳೆಯ ಗಾಡಿಯಲ್ಲಿ ಬ್ಲೋವರ್ ಹಾಕಿದಾಗ ಕಪ್ಪು ಚೂರುಗಳು ಮುಖಕ್ಕೆ ಹಾರುತ್ತವಲ್ಲ, ಇದೇ ಅದು. ಡಬ್ಬಿ ಎಷ್ಟೇ ಸರಿಯಾಗಿ ಬಾಗಿಲು ಎಳೆದರೂ ಅಂಚಿನಲ್ಲಿ ಸ್ಪಂಜಿಲ್ಲದಿದ್ದರೆ ಬಿಸಿ ಗಾಳಿ ಸಂದಿಯಿಂದ ತಣ್ಣನೆ ಗಾಳಿಗೆ ಸೇರುತ್ತಲೇ ಇರುತ್ತದೆ. ಜನ ಆಗ ಗ್ಯಾಸು ಕಮ್ಮಿಯಾಗಿದೆ ಎಂದು ತುಂಬಿಸುತ್ತಾರೆ. ಗ್ಯಾಸಿನದು ಬೇರೆಯದೇ ಕತೆ. ಆ ಕಾಲದ ಗಾಡಿಗೆ ಬರುತ್ತಿದ್ದದ್ದು ಆರ್-12. ಓಜೋನ್ ಪದರಕ್ಕಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅಮೆರಿಕದಲ್ಲಿ ಅದರ ತಯಾರಿಕೆ 1995ರ ಕೊನೆಗೆ ನಿಂತಿತು, ಈ ಗಾಡಿಗಳು ಬಹುಪಾಲು ಆರ್-134ಎ ಕಡೆಗೆ ಹೊರಳಿದವು. ತಂಪು ಹುಟ್ಟದಿರುವುದು ಒಂದು ರೋಗ, ಹುಟ್ಟಿದ ತಂಪು ದಾರಿ ತಪ್ಪುವುದು ಇನ್ನೊಂದು. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸುವ ಗ್ಯಾರೇಜಿನಿಂದ ದೂರವಿರಿ.

ಎಲ್ಲ ಸೇರಿ ಎಷ್ಟಾಯಿತು ಎಂದರೆ, ಕೈಪಂಪೂ ಸೇರಿದಂತೆ ಎಸ್ಟಿಮೇಟಿನ ಹತ್ತನೇ ಒಂದು ಪಾಲಿನ ಒಳಗೆ. ಡ್ಯಾಶ್‌ಬೋರ್ಡ್ ಇಳಿಸಲೇ ಇಲ್ಲ. ಗ್ಲೋವ್ ಬಾಕ್ಸು ತೆಗೆದು, ಸ್ವಿಚ್ಚಿನ ಚೌಕಟ್ಟು ಹೊರಗೆಳೆದರೆ ಸಾಕಾಯಿತು. ಆ ತಲೆಮಾರಿನ ಫೋರ್ಡ್ ಟ್ರಕ್ಕುಗಳ ಒಂದು ದೊಡ್ಡತನ ಅದು. ಹೀಟರಿನ ರೇಡಿಯೇಟರ್ ಕೂಡ ಗ್ಲೋವ್ ಬಾಕ್ಸಿನ ಹಿಂದಿನಿಂದಲೇ ಕೈಗೆ ಸಿಗುತ್ತದೆ. ಇವತ್ತಿನ ಎಷ್ಟೋ ಕಾರುಗಳಲ್ಲಿ ಅದನ್ನು ಬದಲಿಸಬೇಕೆಂದರೆ ಸ್ಟೀರಿಂಗು, ಏರ್‌ಬ್ಯಾಗು, ಡ್ಯಾಶು ಎಲ್ಲ ಹೊರಗೆ ಬರಬೇಕು.

ವ್ಯಾಕ್ಯೂಮ್ ವ್ಯವಸ್ಥೆಗೆ ದೋಷಗಳಿಲ್ಲ ಎಂದು ನಾನು ಹೇಳುತ್ತಿಲ್ಲ. ಬಾಗಿಲನ್ನು ಅರ್ಧಕ್ಕೆ, ಕಾಲುಭಾಗಕ್ಕೆ ನಿಲ್ಲಿಸುವುದು ಅದಕ್ಕೆ ಸುಲಭವಲ್ಲ. ಈ ತುದಿ ಇಲ್ಲವೇ ಆ ತುದಿ, ಹೆಚ್ಚೆಂದರೆ ನಡುವೆ ಒಂದು ನಿಲ್ದಾಣ. ಅದಕ್ಕೇ ಬಿಸಿ-ತಂಪು ಬೆರೆಸುವ ಬಾಗಿಲಿಗೆ ಅದೇ ಟ್ರಕ್ಕಿನಲ್ಲೂ ತಂತಿ ಕೇಬಲ್ಲನ್ನೇ ಇಟ್ಟಿದ್ದರು. ಡೀಸೆಲ್ ಇಂಜಿನ್ನಿಗೆ ಥ್ರಾಟಲ್ ಇಲ್ಲದ ಕಾರಣ ಪುಕ್ಕಟೆ ಎಳೆತವೂ ಇಲ್ಲ, ಪ್ರತ್ಯೇಕ ಪಂಪು ಬೇಕು. ನಮ್ಮ ಹಳೆಯ ಡೀಸೆಲ್ ಸುಮೋಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ಒಂದು ವ್ಯಾಕ್ಯೂಮ್ ಪಂಪು ಇರುತ್ತಿತ್ತಲ್ಲ, ಬ್ರೇಕ್ ಬೂಸ್ಟರಿಗಾಗಿ, ಹಾಗೆ. ಅದು ಸವೆದಾಗ ಬ್ರೇಕು ಕಲ್ಲಾಗುತ್ತಿದ್ದದ್ದು ಸುಮೋ ಓಡಿಸಿದವರಿಗೆ ನೆನಪಿದ್ದೀತು. ಬ್ಯಾಟರಿಯಲ್ಲಿ ಓಡುವ ಗಾಡಿಗೆ ಎಳೆಯಲು ಇಂಜಿನ್ನೇ ಇಲ್ಲ. ಹಾಗಾಗಿ ಹೊಸ ಗಾಡಿಗೆ ವ್ಯಾಕ್ಯೂಮ್ ಮರಳಿ ತನ್ನಿ ಎನ್ನುವುದು ಹುಚ್ಚಾದೀತು.

ನಾನು ಹೇಳುವುದು ಇಷ್ಟು: ಇರುವ ಹಳೆಯ ಗಾಡಿಯಲ್ಲಿ ಅದನ್ನೇ ಸರಿಪಡಿಸಿ. ಕಿತ್ತು ಎಲೆಕ್ಟ್ರಿಕ್ ಹಾಕಿದರೆ ನೀವು ಕಳೆದುಕೊಳ್ಳುವುದು ಪೈಪುಗಳನ್ನಷ್ಟೇ ಅಲ್ಲ, ಆ ಸ್ಪ್ರಿಂಗನ್ನೂ. ಸಣ್ಣ ಎಲೆಕ್ಟ್ರಿಕ್ ಮೋಟಾರು ಪ್ಲಾಸ್ಟಿಕ್ ಹಲ್ಲುಚಕ್ರಗಳ ಮೂಲಕ ಬಾಗಿಲು ತಿರುಗಿಸುತ್ತದೆ. ಹಲ್ಲು ಮುರಿದಾಗ ಡ್ಯಾಶಿನೊಳಗೆ ಹಲ್ಲಿ ಲೊಚಗುಟ್ಟಿದ ಹಾಗೆ ಟಕ್ ಟಕ್ ಸದ್ದು. ಬಾಗಿಲು ಎಲ್ಲಿತ್ತೋ ಅಲ್ಲೇ. ಮುಖದ ಕಡೆ ಇದ್ದಾಗ ಸತ್ತರೆ ಮುಖದ ಕಡೆಗೇ, ಒಳಗಿನ ಗಾಳಿ ಸುತ್ತುವ ಸ್ಥಾನದಲ್ಲಿ ಸತ್ತರೆ ಅಲ್ಲೇ. ಅದಕ್ಕೆ ಹಿಂದಿರುಗುವ ಮನೆ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಸ್ಪ್ರಿಂಗು ಹಾಕಿ ಮಾಡಲಾಗದೆಂದಲ್ಲ. ಅಗ್ಗದ ಮೋಟಾರಿಗೆ ಅದೊಂದು ಹೆಚ್ಚಿನ ಖರ್ಚು, ಕೇಳುವವರೂ ಇಲ್ಲ.

ಕೇಳಬೇಕಾದ ಕಾಲ ಇದು. 2023ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ಅಧಿಸೂಚನೆಯ ಪ್ರಕಾರ, 2025ರಿಂದ ಹೊಸದಾಗಿ ತಯಾರಾಗುವ ಎನ್2, ಎನ್3 ವರ್ಗದ ಟ್ರಕ್ಕುಗಳ, ಅಂದರೆ 3.5 ಟನ್ನಿಗಿಂತ ಮೇಲ್ಪಟ್ಟ ಸರಕು ಗಾಡಿಗಳ ಕ್ಯಾಬಿನ್ನಿಗೆ ಏಸಿ ಇರಲೇಬೇಕು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲಿನಲ್ಲಿ ಇಂಜಿನ್ನಿನ ಪಕ್ಕದಲ್ಲೇ ಕೂತು ಹನ್ನೆರಡು ಗಂಟೆ ಓಡಿಸುವವನಿಗೆ ಏಸಿ ಐಷಾರಾಮ ಎನ್ನುವವರು ಒಮ್ಮೆ ಆ ಸೀಟಿನಲ್ಲಿ ಕೂತು ಬರಲಿ. ಡೀಸೆಲ್ ಖರ್ಚು, ಗಾಡಿಯ ಬೆಲೆ ಎಂದು ಗೊಣಗಿದ ಮಾಲೀಕರ ಲೆಕ್ಕಗಳು ನನಗೆ ಗೊತ್ತು. ಡ್ರೈವರನ ಕಣ್ಣೆಳೆತಕ್ಕೆ ಆ ಲೆಕ್ಕದಲ್ಲಿ ಕಾಲಂ ಇಲ್ಲ.

ಆದರೆ ಈ ಏಸಿಯ ಬಗ್ಗೆ ನಡೆದ ಮಾತೆಲ್ಲ ತಂಪಿನ ಬಗ್ಗೆಯೇ. ಗಾಜಿನ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮಲ್ಲಿ ಹಿಮ ಇಲ್ಲ ನಿಜ. ಜುಲೈಯಲ್ಲಿ ಶಿರಾಡಿ, ಚಾರ್ಮಾಡಿ, ಖಂಬಾಟ್ಕಿ ಘಟ್ಟಗಳಲ್ಲಿ ಗಾಜು ಒಳಗಿನಿಂದ ಮಬ್ಬಾಗುವುದನ್ನು ನೋಡಿದ್ದೀರಲ್ಲ? ಹೊರಗಿನ ಗಾಜಿಗೆ ತಂಬಾಕು ಉಜ್ಜುವುದು, ಒಳಗಿನಿಂದ ಹೆಗಲ ಮೇಲಿನ ಟವೆಲಿನಲ್ಲಿ ಕ್ಲೀನರ್ ಹುಡುಗ ಒರೆಸುತ್ತಾ ಕೂರುವುದು, ಇದು ನಮ್ಮ ಡಿಫ್ರಾಸ್ಟರು. ಇಷ್ಟು ದಿನ ಒಂದು ಅನುಕೂಲವಿತ್ತು: ಕಿಟಕಿ ತೆರೆದಿರುತ್ತಿತ್ತು, ಹೊರಗಿನ ಗಾಳಿ ಬರುತ್ತಿತ್ತು. ಏಸಿ ಬಂದ ಮೇಲೆ ಕಿಟಕಿ ಮುಚ್ಚುತ್ತದೆ. ಮಳೆಯಲ್ಲಿ ನೆನೆದ ಇಬ್ಬರು ಒಳಗೆ ಕೂತು ಉಸಿರಾಡುವಾಗ ಮುಚ್ಚಿದ ಕ್ಯಾಬಿನ್ನಿನ ಗಾಜು ಇನ್ನೂ ಬೇಗ ಮಬ್ಬಾಗುತ್ತದೆ. ಏಸಿ ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ, ಆದ್ದರಿಂದಲೇ ಅನೇಕ ಗಾಡಿಗಳಲ್ಲಿ ಡಿಫ್ರಾಸ್ಟ್ ಹಾಕಿದಾಗ ಕಂಪ್ರೆಸರೂ ತಿರುಗುತ್ತದೆ. ಆದರೆ ಆ ಒಣ ಗಾಳಿ ಗಾಜಿಗೆ ಹೋದರೆ ತಾನೆ? ಬಾಗಿಲು ಮುಖದ ಕಡೆಗೆ ಸಿಕ್ಕಿಕೊಂಡು, ಒಳಗಿನ ಗಾಳಿಯೇ ಸುತ್ತುತ್ತಿದ್ದರೆ, ಘಟ್ಟದ ತಿರುವಿನಲ್ಲಿ ಇಪ್ಪತ್ತೈದು ಟನ್ನು ಹೊತ್ತವನಿಗೆ ಎದುರಿನ ಬಸ್ಸು ಕಾಣುವುದು ಹೇಗೆ?

ಇದರ ಜೊತೆಗೆ ರಿಪೇರಿಯ ಪ್ರಶ್ನೆ. ನಮ್ಮ ಲಾರಿ ಹತ್ತು-ಹದಿನೈದು ವರ್ಷ ದುಡಿಯುತ್ತದೆ, ಎರಡು-ಮೂರು ಮಾಲೀಕರ ಕೈ ದಾಟುತ್ತದೆ. ವಾರಂಟಿ ಮುಗಿದ ಮೇಲೆ ಅದನ್ನು ನೋಡುವವರು ಹೆದ್ದಾರಿ ಬದಿಯ ಮಿಸ್ತ್ರಿಗಳು. ಅವರು ಗೇರ್‌ಬಾಕ್ಸು ಇಳಿಸಬಲ್ಲರು, ಬ್ರೇಕ್ ಚೇಂಬರ್ ಬಿಚ್ಚಬಲ್ಲರು. ಕಂಪನಿಯ ಸ್ಕ್ಯಾನರು, ಕಂಪನಿಯ ಪಾಸ್‌ವರ್ಡು ಬೇಕೆನ್ನುವ ಏಸಿ ಮಾಡ್ಯೂಲಿನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ, ಮತ್ತೆ 2020ರಲ್ಲಿ, ಮತ ಹಾಕಿಯೇ ಗಾಡಿ ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂದು ಕಾನೂನು ಮಾಡಿಸಿಕೊಂಡರು. ನಮ್ಮಲ್ಲಿ 2022ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲ್ಲು ಬೇರೆ, ಹಕ್ಕು ಬೇರೆ. ಮಿಸ್ತ್ರಿಯ ಕೈಗೆ ವೈರಿಂಗ್ ನಕ್ಷೆ ತಲುಪುವವರೆಗೆ ನನಗೆ ಅದೊಂದು ವೆಬ್‌ಸೈಟು ಅಷ್ಟೇ.

ಈ ಚಳಿಗಾಲದಲ್ಲಿ ಪುಣೆಯ ಒಂದು ಟ್ರಕ್ ಶೋರೂಮಿಗೆ ಹೋಗಿ, ಹೊಸ ಏಸಿ ಕ್ಯಾಬಿನ್ನಿಗೆ ಹತ್ತಿ ಕೂತು, ಸೇಲ್ಸ್ ಹುಡುಗನನ್ನು ಕೇಳಿದೆ: "ಇದರ ಮೋಟಾರು ಕೆಟ್ಟರೆ ಗಾಳಿ ಯಾವ ಕಡೆ ಹೋಗುತ್ತೆ?" ಹುಡುಗ ಒಳ್ಳೆಯವನು. ಸ್ವಲ್ಪ ಯೋಚಿಸಿ, "ಕೆಡಲ್ಲ ಸರ್, ಕಂಪನಿ ವಾರಂಟಿ ಇದೆ" ಎಂದ. ಒಳಗಿನಿಂದ ಸರ್ವೀಸ್ ಸೂಪರ್‌ವೈಸರನ್ನೂ ಕರೆಸಿದ. ಅವರು ಪ್ರಾಮಾಣಿಕರು: "ಎಲ್ಲಿರುತ್ತೋ ಅಲ್ಲೇ ನಿಲ್ಲುತ್ತೆ" ಎಂದರು. ಅದು ತಪ್ಪೆಂದು ಅವರಿಗೂ ಅನ್ನಿಸಿರಲಿಲ್ಲ, ಯಾಕೆಂದರೆ ಆ ಪ್ರಶ್ನೆಯನ್ನು ಅವರಿಗೆ ಯಾರೂ ಅದುವರೆಗೆ ಕೇಳಿರಲಿಲ್ಲ.

ಪರಿಹಾರಕ್ಕೆ ವ್ಯಾಕ್ಯೂಮ್ ಬೇಕಿಲ್ಲ. ಎಲೆಕ್ಟ್ರಿಕ್ ಮೋಟಾರಿಗೇ ಒಂದು ಸ್ಪ್ರಿಂಗು, ವಿದ್ಯುತ್ತು ಹೋದರೆ ಬಾಗಿಲು ಗಾಜಿನ ಕಡೆಗೆ, ಹೊರಗಿನ ಗಾಳಿಯ ಕಡೆಗೆ. ಅದು ದುಬಾರಿಯೆಂದರೆ, ಡ್ರೈವರನ ಕೈಗೆಟಕುವಲ್ಲಿ ಬಾಗಿಲನ್ನು ಗಾಜಿನ ಕಡೆ ತಳ್ಳುವ ಒಂದು ಕಡ್ಡಿಯಾದರೂ ಇರಲಿ. ಅಧಿಸೂಚನೆಗೆ ಇಷ್ಟು ಸೇರಿಸಲು ಒಂದು ಸಾಲು ಸಾಕು. ಪರೀಕ್ಷಿಸಲು ಹೊಸ ವ್ಯವಸ್ಥೆಯೂ ಬೇಡ. ಸರಕು ಗಾಡಿಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟಿಗೆ ಬಂದೇ ಬರುತ್ತವೆ. ಅಲ್ಲಿ ಹಾರ್ನು, ಲೈಟು, ವೈಪರು ನೋಡುವವರು ಬ್ಲೋವರ್ ಓಡುತ್ತಿರುವಾಗಲೇ ಬಾಗಿಲ ಮೋಟಾರಿನ ಪ್ಲಗ್ಗು ಒಮ್ಮೆ ಎಳೆದು, ಗಾಜಿನ ಬುಡದಲ್ಲಿ ಒಂದು ಹಾಳೆ ಹಿಡಿದು ನೋಡಲಿ. ಹಾಳೆ ಅಲ್ಲಾಡಬೇಕು. ಎರಡು ನಿಮಿಷದ ಕೆಲಸ.